ಮಗ್ಗಗಳು ನಿಂತ ಗಂಟೆ

ಅಮ್ಮನದು ಎಂದು ನನ್ನ ಬಳಿ ಉಳಿದದ್ದು ಅವಳ ದನಿಯೊಂದೇ. ಮದುವೆಯ ಫೋಟೋ ಒಂದಿದೆ. ಅದರಲ್ಲಿ ತಲೆ ತಗ್ಗಿಸಿದ್ದಾಳೆ, ಮುಖಕ್ಕಿಂತ ಮುಡಿದ ಹೂವೇ ಹೆಚ್ಚು ಕಾಣುತ್ತದೆ. ಅವಳು ತೀರಿಕೊಂಡಾಗ ನನಗೆ ಏಳು ವರ್ಷ. ಮುಖ ಮರೆತಿದೆ, ಒಪ್ಪಿಕೊಳ್ಳುತ್ತೇನೆ. ದನಿ ಮರೆತಿಲ್ಲ ಎಂದು ಮಾತ್ರ ಮೊನ್ನೆ ಮೊನ್ನೆಯವರೆಗೆ ಯಾರ ಎದುರಿಗಾದರೂ ವಾದಿಸುತ್ತಿದ್ದೆ. ಹೆಂಗಸರಿಗೆ ತುಸು ದಪ್ಪ ಅನ್ನಿಸುವ ದನಿ. ಮಾತಿನ ಕೊನೆಯಲ್ಲಿ ಸ್ವಲ್ಪ ಮೇಲಕ್ಕೇಳುತ್ತಿತ್ತು. "ಲಾಳಿ ಮುಟ್ಟಬೇಡ, ಬೆರಳು ಹೋಗ್ತದೆ" ಎಂದು ಬೈಯುತ್ತಿತ್ತು. "ಉಂಡ್ಯಾ?" ಎಂದು ಕೇಳುತ್ತಿತ್ತು.

ಆ ದನಿ ನನ್ನದಾಗಿ ಉಳಿಯಿತೋ ಇಲ್ಲವೋ ಎಂದು ನನಗೇ ತಿಳಿಯದಂತಾಗಿದ್ದು ನಾನೇ ಮುಂದೆ ನಿಂತು ಮಾಡಿದ ಒಂದು ಒಳ್ಳೆಯ ಕೆಲಸದಿಂದ.

ನಮ್ಮ ಬೀದಿ ಇರುವುದು ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ. ಮೂವತ್ತು ಚಿಲ್ಲರೆ ಮನೆ. ಒಂದೊಂದು ಮನೆಗೂ ಅಂಟಿಕೊಂಡಂತೆ ಪವರ್‌ಲೂಮ್ ಶೆಡ್ಡು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಕನ್ನಡ ಓದಲು ಬರುವವನು ಬೀದಿಗೆಲ್ಲ ನಾನೊಬ್ಬನೇ, ಅದೂ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಚಾಮರಾಜನಗರದ ಗೆಳೆಯನೊಬ್ಬ ಹಟ ಹಿಡಿದು ಕಲಿಸಿದ್ದರಿಂದ. ಸಮಾಜಶಾಸ್ತ್ರ ಓದಿದೆ. ಈಗ ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಬೀದಿಯ ಮನೆ ಬಿಟ್ಟಿಲ್ಲ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ಬಸ್ಸಿನಲ್ಲಿ ಕೂತಾಗಲೆಲ್ಲ ನನಗೆ ಬೀದಿಯನ್ನು ಸರಿಮಾಡುವ ಯೋಚನೆಗಳು ಬರುತ್ತವೆ. ಅವುಗಳಿಗೆಂದೇ ಒಂದು ನೋಟ್‌ಬುಕ್ ಇದೆ.

ಮಗ್ಗದ ಸದ್ದಿನ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು ಶೆಡ್ಡಿನಲ್ಲಿ ಎಂಟು ಮಗ್ಗ ಓಡುವಾಗ ಪಕ್ಕದಲ್ಲಿ ನಿಂತವನ ಕೂಗು ಕೂಡ ಕೇಳುವುದಿಲ್ಲ. ಹೊಸಬರು ಕೂಗುತ್ತಾರೆ. ನಮ್ಮವರು ಕೂಗುವುದಿಲ್ಲ. ದನಿಯನ್ನು ಪೂರ್ತಿ ಬಿಟ್ಟು ತುಟಿಯಲ್ಲಷ್ಟೇ ಮಾತಾಡುತ್ತಾರೆ, ಎದುರಿನವರು ತುಟಿ ನೋಡಿ ತಿಳಿಯುತ್ತಾರೆ. ಶೆಡ್ಡಿನ ಆ ತುದಿಯಿಂದ ಈ ತುದಿಗೆ ಚಾಡಿ, ಸಾರಿನ ವಿಚಾರ, ಹುಡುಗಿಗೆ ಬಂದ ಗಂಡಿನ ವಿಚಾರ ಎಲ್ಲ ಹಾಗೇ ಸಾಗುತ್ತದೆ. ಶೆಡ್ಡಿಗೂ ಮನೆಗೂ ನಡುವೆ ಒಂದೇ ಗೋಡೆಯಾದ್ದರಿಂದ ಅಡುಗೆಮನೆಯಲ್ಲೂ ಅದೇ ರೂಢಿ. ದನಿ ಬೇಕಾಗುವುದು ಸಂತೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ.

ನನ್ನನ್ನು ಸಾಕಿದ ದೊಡ್ಡಮ್ಮ, ಅಂದರೆ ಅಮ್ಮನ ಸ್ವಂತ ಅಕ್ಕ, ಫೋನನ್ನೂ ಬಿಟ್ಟು ಕೆಲವು ವರ್ಷಗಳಾಗಿತ್ತು. ಕಿವಿ ಹೋಗಿತ್ತು. ಹೋದ ವರ್ಷ ಕೊಯಮತ್ತೂರಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಒಂದು ಹಾಳೆಯ ಮೇಲೆ ಇಳಿಯುತ್ತಾ ಹೋಗುವ ಗೆರೆ ತೋರಿಸಿ, "ಮಗ್ಗದವರೆಲ್ಲರಿಗೂ ಇದೇ ಗೆರೆ. ದಿನಕ್ಕೆ ಸ್ವಲ್ಪ ಹೊತ್ತಾದರೂ ಕಿವಿಗೆ ಬಿಡುವು ಕೊಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ" ಎಂದರು. ವಾಪಸು ಬರುವ ಬಸ್ಸಿನಲ್ಲಿ ನೋಟ್‌ಬುಕ್ ತೆಗೆದೆ. ದೊಡ್ಡಮ್ಮ ಅದನ್ನು ನೋಡಿ ಬಸ್ಸಿಗೆಲ್ಲ ಕೇಳುವಂತೆ, "ಶುರು ಮಾಡ್ದಪ್ಪಾ ಊರ್ ತಿರುತ್ತೋ ವೇಲೆ!" ಎಂದಳು. ಊರು ತಿದ್ದುವ ಕೆಲಸ ಎಂದು ಅರ್ಥ.

ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಬೀದಿಯ ಮಗ್ಗಗಳನ್ನೆಲ್ಲ ನಿಲ್ಲಿಸಬೇಕು. ಅದು ನನ್ನ ಯೋಜನೆ. ಕಿವಿಗೆ ಬಿಡುವು ಸಿಗುತ್ತದೆ, ಜನ ಹೊರಗೆ ಬಂದು ಒಬ್ಬರ ಮಾತು ಒಬ್ಬರು ಕೇಳುತ್ತಾರೆ, ಹೀಗೆ ಕೇಳುವುದು ಅಭ್ಯಾಸವಾದರೆ ಜಗಳಗಳು ಕಡಿಮೆಯಾಗುತ್ತವೆ ಎಂದೆಲ್ಲ ಬರೆದುಕೊಂಡು ಸಂತೆ ಮೈದಾನದಲ್ಲಿ ನಡೆಯುವ ಬೀದಿ ಸಂಘದ ಸಭೆಗೆ ಹೋದೆ. ಸಂಘದ ತಲೆವ, ಅಂದರೆ ಅಧ್ಯಕ್ಷ, ನನ್ನ ಚಿಕ್ಕಪ್ಪ, ಅಪ್ಪನ ತಮ್ಮ.

"ಮೊದ್ಲು ಲೈಬ್ರರಿ ಅಂದೆ," ಎಂದ ಚಿಕ್ಕಪ್ಪ. "ಆ ರೂಮ್ನಾಗೆ ಈಗ ನೂಲು ಸುತ್ತಿದ್ ನನ್ ಪಾವು ಬೀಮುಗಳು ಓದ್ಕೊಂಡ್ ಕೂತಿವೆ. ಆಮೇಲೆ ಮರ ಅಂದೆ. ಎದುರು ಮನೆ ಆಡು ತಿಂದು ದಪ್ಪ ಆಯ್ತು. ಈಗ ತರಿ ನಿಲ್ಸು ಅಂತೀಯ." ಮಗ್ಗಕ್ಕೆ ನಮ್ಮ ಬೀದಿಯ ಹೆಸರು ತರಿ.

"ಒಂದು ಗಂಟೆ, ಚಿಕ್ಕಪ್ಪ."

"ಕರೆಂಟ್ ಕಟ್ ಇದ್ದ ಕಾಲ್ದಾಗೆ ನಿನ್ ಯೋಜನೆನ ಗೌರ್ಮೆಂಟೇ ನಡೆಸ್ತಿತ್ತಲ್ಲಡಾ! ಆವಾಗ ಅವ್ರನ್ನ ಬೈದ್ವಿ."

ಎಲ್ಲರೂ ನಕ್ಕರು. ಆದರೆ ಅದು ಆಡಿ ತಿಂಗಳು, ತಮಿಳರ ಆಷಾಢ, ಆರ್ಡರ್ ಕಡಿಮೆಯಿತ್ತು. ದೊಡ್ಡಮ್ಮನ ಕಿವಿಯ ಹಾಳೆ ಕೈಯಿಂದ ಕೈಗೆ ಹೋಯಿತು. ವಯಸ್ಸಾದವರು ಅದನ್ನು ಸ್ವಲ್ಪ ಜಾಸ್ತಿ ಹೊತ್ತೇ ನೋಡಿದರು. ಒಂದು ತಿಂಗಳು ನೋಡೋಣ ಎಂದಾಯಿತು. ಬೀದಿಯವರು ಅದಕ್ಕೆ 'ಅಮೈದಿ ನೇರ' ಎಂದು ತಮಿಳಿನ ಹೆಸರಿಟ್ಟರು, ಶಾಂತಿಯ ಹೊತ್ತು ಎಂದು.

ಮೊದಲ ದಿನ ಬುಧವಾರ ಎಂದು ನನ್ನ ನೋಟ್‌ಬುಕ್ಕಿನಲ್ಲಿದೆ. ನನ್ನ ನೆನಪಿನಲ್ಲಿ ಅದು ಶುಕ್ರವಾರ, ಏಕೆಂದರೆ ಸಾಂಬ್ರಾಣಿಯ ವಾಸನೆ ಇತ್ತು. ಯಾವುದನ್ನು ನಂಬಬೇಕೋ ಗೊತ್ತಿಲ್ಲ. ಆ ತಿಂಗಳು ಕಾಲೇಜಿನ ಪಾಠಗಳನ್ನೆಲ್ಲ ಬೆಳಗಿನ ಹೊತ್ತಿಗೆ ಹಾಕಿಸಿಕೊಂಡಿದ್ದೆ. ಮೂರು ಗಂಟೆಗೆ ಪಿಳ್ಳೆಯಾರ್ ಗಣಪನ ಗುಡಿಯ ಕಡೆಯಿಂದ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಾ ಬಂದವು. ಕೊನೆಯ ಶೆಡ್ಡು ನಿಂತಾಗ ಬೀದಿಯ ಕೂಸುಗಳೆಲ್ಲ ಒಟ್ಟಿಗೇ ಎಚ್ಚರಗೊಂಡು ಅಳತೊಡಗಿದವು. ಆ ಸದ್ದಿಲ್ಲದೆ ಅವು ಯಾವತ್ತೂ ಮಲಗಿರಲಿಲ್ಲ. ನೆರಳಿನಲ್ಲಿದ್ದ ನಾಯಿ ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತಿತು. ಆಮೇಲೆ ಕೂಸುಗಳೂ ಸುಮ್ಮನಾದವು. ಆಡಿಯ ಗಾಳಿ ಶೀಟಿನ ಮಾಡುಗಳ ಅಡಿ ನುಗ್ಗುವುದು ಕೇಳಿತು.

ಜನ ಹೊರಗೆ ಬಂದರು. ನಾನು ಬಯಸಿದಂತೆಯೇ ಜಗಲಿಯ ಮೇಲೆ ಕೂತರು, ಎದುರು ಮನೆಯವರನ್ನು ನೋಡಿ ಮಾತಾಡತೊಡಗಿದರು. ಕೈ ಆಡಿಸುತ್ತಿದ್ದರು, ನಗುತ್ತಿದ್ದರು. ತುಟಿಗಳು ಅಲುಗುತ್ತಿದ್ದವು. ಆದರೆ ಒಂದು ಮಾತೂ ಕೇಳುತ್ತಿರಲಿಲ್ಲ.

ನನ್ನ ಕಿವಿಯೇ ಹೋಯಿತೆಂದುಕೊಂಡೆ. ಬೆರಳಿನಲ್ಲಿ ಚಿಟಿಕೆ ಹೊಡೆದೆ, ಕೇಳಿಸಿತು. ಗಾಳಿ ಕೇಳುತ್ತಿತ್ತು. ಮೂವತ್ತು ಮನೆಯ ಜನ ಹಾಡುಹಗಲಿನಲ್ಲಿ, ಬಿಸಿಲಿನಲ್ಲಿ, ದನಿಯಿಲ್ಲದೆ ಮಾತಾಡುತ್ತಾ ಕೂತಿದ್ದರು. ಮುದುಕಿಯೊಬ್ಬಳು ಬಾಯಿ ತೆರೆದು ಜೋರಾಗಿ ನಕ್ಕಳು. ಉಸಿರಿನ ಸದ್ದಷ್ಟೇ ಬಂತು. ಕಾರಣ ಹೊಳೆಯುವುದಕ್ಕೆ ನನಗೆ ಕೆಲವು ನಿಮಿಷ ಬೇಕಾಯಿತು. ಕರೆಂಟ್ ಕಟ್ ನಿಂತ ಮೇಲೆ ಎಷ್ಟೋ ವರ್ಷಗಳಿಂದ ಈ ಬೀದಿಯಲ್ಲಿ ಅವರು ದನಿ ಬಳಸಿರಲಿಲ್ಲ. ಬಾಯಿ ದನಿ ಬಿಡುವುದನ್ನು ಸದ್ದು ನೋಡಿ ಅಲ್ಲ, ಜಾಗ ನೋಡಿ ಕಲಿತಿತ್ತು.

ನಾನು ಬೀದಿಯ ನಡುವೆ ನಿಂತು, "ಜೋರಾಗಿ ಮಾತಾಡಿ, ಈಗ ಕೇಳ್ತದಲ್ಲ!" ಎಂದು ಕೂಗಿದೆ. ಎಲ್ಲರೂ ಬೆಚ್ಚಿ ನನ್ನತ್ತ ತಿರುಗಿದರು. ಸತ್ತವರ ಮನೆಯಲ್ಲಿ ಯಾರೋ ಸಿಳ್ಳೆ ಹಾಕಿದಂತೆ ನೋಡಿದರು.

ಮೂರನೆಯ ದಿನವೋ ನಾಲ್ಕನೆಯ ದಿನವೋ ನಮ್ಮ ಶೆಡ್ಡಿನೊಳಗೆ ಹೋದೆ. ನಿಂತ ಮಗ್ಗದ ಲಾಳಿಯನ್ನು ಸುಮ್ಮನೆ ಎತ್ತಿಕೊಳ್ಳಲು ಹೋದಾಗ ಎಡಗಡೆಯಿಂದ ಸ್ಪಷ್ಟವಾಗಿ ಕೇಳಿತು: "ಲಾಳಿ ಮುಟ್ಟಬೇಡ." ಅಮ್ಮನ ದನಿ. ಸ್ವಲ್ಪ ದಪ್ಪ, ಕೊನೆಯಲ್ಲಿ ಮೇಲಕ್ಕೆ. ತಿರುಗಿದೆ. ಬಾಗಿಲ ಬೆಳಕಿನಲ್ಲಿ ದೊಡ್ಡಮ್ಮ ನಿಂತಿದ್ದಳು. ಅವಳ ತುಟಿ ಆಗಷ್ಟೇ ಮುಚ್ಚುತ್ತಿತ್ತು.

ದೊಡ್ಡಮ್ಮನ ದನಿ ನನಗೆ ಗೊತ್ತು. ತೆಳುವಾದ, ಸೀಳಿದಂಥ ದನಿ. ಆವತ್ತು ಕೇಳಿದ್ದು ಅದಲ್ಲ. ಅವಳು ತುಟಿಯಲ್ಲಿ ಹೇಳಿದ್ದನ್ನು ಕಣ್ಣಂಚಿನಲ್ಲಿ ನೋಡಿ ನನ್ನ ತಲೆಯೇ ದನಿ ಸೇರಿಸಿಕೊಂಡಿತು ಎಂದು ಹೇಳಿಕೊಂಡೆ. ನಾನು ಓದಿದವನು, ಇಂಥದ್ದಕ್ಕೆ ವಿವರಣೆ ಇರುತ್ತದೆಂದು ನನಗೆ ಗೊತ್ತು. ಆದರೆ ಆ ವಿವರಣೆ ಸರಿಯಾಗಿದ್ದರೆ, ಚಿಕ್ಕಂದಿನಲ್ಲಿ ಇದೇ ಶೆಡ್ಡಿನಲ್ಲಿ ನಾನು ಕೇಳಿದ ದನಿ? ಎಂಟು ಮಗ್ಗಗಳ ನಡುವೆ ಅಮ್ಮನ ದನಿ ನನಗೆ ಕೇಳಿಸಿದ್ದಾದರೂ ಹೇಗೆ? ಆ ಪ್ರಶ್ನೆ ನನಗೆ ಅದುವರೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಂದು ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ.

ಎರಡನೆಯ ವಾರದ ಹೊತ್ತಿಗೆ ಬೀದಿ ಹೊಂದಿಕೊಂಡಿತು. ಕಿರಿಯರು ದನಿ ತೆಗೆದು ಮಾತಾಡತೊಡಗಿದರು, ಅವರನ್ನು ನೋಡಿ ಹಿರಿಯರೂ. ಹೆಂಗಸರು ಹೂ ಕಟ್ಟುತ್ತಾ ಕೂರುತ್ತಿದ್ದರು. ನನ್ನ ಯೋಜನೆಗಳ ಪೈಕಿ ಗೆದ್ದದ್ದು ಇದೊಂದೇ ಎಂದು ಒಳಗೊಳಗೇ ಹಿಗ್ಗಿದೆ.

ಒಂದು ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಬೀದಿಯ ಕೊನೆಯಲ್ಲಿ, ನೂಲಿಗೆ ಗಂಜಿ ಹಾಕುವ ಸೈಜಿಂಗ್ ಮಿಲ್ಲಿನ ಗೋಡೆ ಪಕ್ಕದ ಮನೆಗೆ ನಾಲ್ಕು ತಿಂಗಳ ಹಿಂದೆ ಹೊಸ ಸೊಸೆ ಬಂದಿದ್ದಳು. ಮಡತ್ತುಕುಳದ ಕಡೆಯವಳು, ಹೊಲಗದ್ದೆ ಮಾಡುವ ಕನ್ನಡದ ಮನೆಯವಳು. ಮಗ್ಗದ ಕೆಲಸವನ್ನು ಬೇಗ ಕಲಿತಳೆಂದು ಎಲ್ಲರೂ ಹೊಗಳುತ್ತಿದ್ದರು. ತುಟಿಮಾತು ಅದಕ್ಕಿಂತ ಬೇಗ. ಅಮೈದಿ ನೇರದಲ್ಲಿ ಮಾತ್ರ ಅವಳು ಹೊರಗೆ ಬರುತ್ತಿರಲಿಲ್ಲ.

"ತೋಟದ ಮನೆ ಹೆಣ್ಣಲ್ವಾ, ನಮ್ ಜೊತೆ ಕೂತ್ರೆ ನೂಲು ಅಂಟ್ಕೋತದೆ," ಎಂದಳು ಎದುರು ಮನೆಯವಳು.

"ನಿನ್ ಬಾಯಿ ನೋಡಿನೇ ಬಾಗ್ಲು ಹಾಕ್ಕಂಡಿದಾಳೆ," ಎಂದಳು ಇನ್ನೊಬ್ಬಳು.

ನಗು ಎದ್ದಿತು. ದೊಡ್ಡಮ್ಮ ಆ ತುಟಿಗಳನ್ನೆಲ್ಲ ನೋಡುತ್ತಿದ್ದಳು, ನಗಲಿಲ್ಲ. ನನ್ನ ತೋಳು ಹಿಡಿದು ಶೆಡ್ಡಿನೊಳಗೆ ಎಳೆದುಕೊಂಡು ಹೋದಳು. ಹೊರಗೆ ಅಷ್ಟು ಜನ ಇದ್ದರೆಂದು ದನಿ ತೆಗೆಯಲಿಲ್ಲ. ಅವಳು ಹೇಳಿದ್ದನ್ನೆಲ್ಲ ನಾನು ತುಟಿಯಲ್ಲಿ ನೋಡಿದ್ದು, ಕಿವಿಯಲ್ಲಿ ಕೇಳಿದ್ದಲ್ಲ.

"ಇದನ್ನ ನಿಲ್ಸು. ಆ ಹುಡುಗಿ ಊಮೆ."

ಮಾತು ಬಾರದವಳು ಎಂದು. ಅವಳ ಅತ್ತೆಮನೆಯವರಿಗೆ ಗೊತ್ತು, ಗಂಡನಿಗೆ ಗೊತ್ತು, ದೊಡ್ಡಮ್ಮ ತುಟಿ ನೋಡಿ ಕಂಡುಕೊಂಡಿದ್ದಳು. ಮಿಕ್ಕ ಬೀದಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ ಬಿದ್ದಿರಲಿಲ್ಲ.

ನಾನು ನನ್ನ ಪಾಠ ಶುರು ಮಾಡಿದೆ. ಗೊತ್ತಾದರೆ ಏನು ತಪ್ಪು, ಮುಚ್ಚಿಡುವುದೇ ತಪ್ಪು, ಜನ ಒಪ್ಪಿಕೊಳ್ಳಲು ಕಲಿಯಬೇಕು, ಹಾಗೆ ಕಲಿಯದೆ ಸಮಾಜ ಸುಧಾರಿಸುವುದಿಲ್ಲ. ದೊಡ್ಡಮ್ಮ ನನ್ನ ತುಟಿಗಳನ್ನು ಕೊನೆಯವರೆಗೂ ತಾಳ್ಮೆಯಿಂದ ನೋಡಿದಳು.

"ತರಿ ಓಡೋವಾಗ ಊಮೆ ಯಾರು, ಮಾತಾಡೋರ್ ಯಾರು?" ಎಂದಳು. "ಅದಕ್ಕೇ ಅಲ್ವಾ ಹುಡುಕಿ ಈ ಬೀದಿಗೆ ಕೊಡೋದು? ನಿಮ್ಮಮ್ಮನ್ನೂ ಅದಕ್ಕೇ ಇಲ್ಲಿಗೆ ಕೊಟ್ಟಿದ್ದು."

ನಾನು ಸರಿಯಾಗಿ ನೋಡಲಿಲ್ಲವೆಂದು ಇನ್ನೊಮ್ಮೆ ಹೇಳು ಎಂದೆ. ಅವಳು ಹೇಳಿದಳು. ಅಮ್ಮನಿಗೆ ನಾಲ್ಕನೆಯ ವಯಸ್ಸಿನಲ್ಲಿ ಜ್ವರ ಬಂದು ಗಂಟಲು ಹೋಯಿತು. ಕಿವಿ ಚೆನ್ನಾಗಿತ್ತು, ಬುದ್ಧಿ ಎಲ್ಲರಿಗಿಂತ ಚೆನ್ನಾಗಿತ್ತು. ದನಿ ಇರಲಿಲ್ಲ. ಅಪ್ಪನಿಗೂ ಅವನ ತಾಯಿ, ನನ್ನ ಅಜ್ಜಿಗೂ ಹೇಳಿಯೇ ಮದುವೆ ಮಾಡಿದ್ದು.

"ನನಗೆ ಅವಳ ದನಿ ನೆನಪಿದೆ," ಎಂದೆ. ಈ ಮಾತನ್ನು ನಾನು ಜೋರಾಗಿ ಹೇಳಿದೆನೆಂದು ಕಾಣುತ್ತದೆ. ಹೊರಗಿನ ಮಾತು ನಿಂತಿತು.

ದೊಡ್ಡಮ್ಮ ನನ್ನ ಗಲ್ಲ ಮುಟ್ಟಿದಳು. "ಕರೆಂಟ್ ಹೋದಾಗ ಅವ್ಳೇನ್ ಮಾಡ್ತಿದ್ಲು, ಅದು ನೆನಪಿದ್ಯಾ?"

ಇತ್ತು. ಅವಳು ಕೇಳಿದ ಕೂಡಲೇ ಬಂತು. ಮಗ್ಗಗಳು ದಢಕ್ಕನೆ ನಿಲ್ಲುತ್ತವೆ. ಎಲ್ಲರೂ ಬೆವರು ಒರೆಸುತ್ತಾ ಬಾಗಿಲಿಗೆ ಬರುತ್ತಾರೆ. ಅಮ್ಮ ಕೊಡ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಟುಬಿಡುತ್ತಾಳೆ. ಯಾವಾಗಲೂ. ಕೊಡ ತುಂಬಿದ್ದರೂ ಅದನ್ನು ಚೆಲ್ಲಿ ಹೊರಡುತ್ತಾಳೆ. ಅವಳಿಗೆ ಅಷ್ಟೊಂದು ನೀರು ಏಕೆ ಬೇಕೆಂದು ನಾನು ಎಂದೂ ಕೇಳಿಕೊಂಡಿರಲಿಲ್ಲ.

ಆದರೆ ಈ ನೆನಪು ನಿಜವೇ? ದೊಡ್ಡಮ್ಮ ಕೇಳುವ ಮೊದಲು ನನ್ನಲ್ಲಿ ಇತ್ತೇ, ಅಥವಾ ಅವಳು ಕೇಳಿದ್ದರಿಂದ ಹುಟ್ಟಿತೇ? ಮೂವತ್ತೈದು ವರ್ಷ ಕೇಳಿದ ದನಿಯೇ ಸುಳ್ಳಾದರೆ ಒಂದು ನಿಮಿಷದ ಹಿಂದೆ ಬಂದ ಕೊಡವನ್ನು ಹೇಗೆ ನಂಬಲಿ? ಅಪ್ಪ ಹೋಗಿ ಹತ್ತು ವರ್ಷವಾಗಿತ್ತು. ಅಜ್ಜಿ ಅದಕ್ಕೂ ಮೊದಲು. ಕೇಳಲು ಉಳಿದವನು ಚಿಕ್ಕಪ್ಪ. ಅಮ್ಮ ಮದುವೆಯಾಗಿ ಬಂದಾಗ ಅವನು ಇನ್ನೂ ಶಾಲೆ ಬಿಟ್ಟು ಮಗ್ಗಕ್ಕೆ ಬಂದ ಹೊಸಬ.

ಮಾರನೆಯ ದಿನ ಅಮೈದಿ ನೇರದಲ್ಲೇ ಅವನ ಬಳಿ ಹೋದೆ. ಅವನು ಶೆಡ್ಡಿನ ಬಾಗಿಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಅಮ್ಮ ಮಾತಾಡುತ್ತಿದ್ದಳೇ ಎಂದು ಕೇಳಿದೆ.

"ಅತ್ಗೇನಾ?" ಎಂದ. "ಮಾತಾಡ್ದೆ ಏನು! ಎಷ್ಟ್ ಬೈಗುಳ ತಿಂದಿದೀನಿ! ನೂಲು ಕಡಿದ್ರೆ ಸಾಕು, 'ಕಣ್ಣು ಎಲ್ಲಿ ಮೇಯ್ತಾ ಇದೆ' ಅನ್ನೋರು. ಒಂಥರಾ ಗಟ್ಟಿ ದನಿ ಅವ್ರದ್ದು."

ನನಗೆ ಎದೆ ಹಗುರಾಯಿತು. "ಗಟ್ಟಿ ಅಂದ್ರೆ? ದಪ್ಪನಾ?"

"ದಪ್ಪ. ಕಡೇಲಿ ಹಿಂಗೆ ಮೇಲಕ್ಕೆ ಹೋಗೋದು."

"ಎಲ್ಲಿ ಬೈತಿದ್ರು ಚಿಕ್ಕಪ್ಪ?"

"ಎಲ್ಲಿ ಅಂದ್ರೆ? ಇಲ್ಲೇ, ಈ ಕುಡೋನ್ ಶೆಡ್ನಾಗೆ."

"ತರಿ ಓಡೋವಾಗ?"

"ತರಿ ಓಡೋವಾಗಲ್ದೆ ನಿಂತಾಗ ನೂಲು..." ಅಷ್ಟಕ್ಕೇ ನಿಂತ. ಕೈಯಲ್ಲಿದ್ದ ಕಡಲೆಕಾಯಿ ಹಾಗೇ ಉಳಿಯಿತು. ಶೆಡ್ಡಿನೊಳಗೆ ತಿರುಗಿ ನೋಡಿದ. ಮಗ್ಗಗಳು ನಿಂತಿದ್ದವು, ಅರ್ಧ ನೇಯ್ದ ಬಟ್ಟೆ ಬಿಗಿಯಾಗಿ ಕೂತಿತ್ತು. ನಾನೂ ನೋಡಿದೆ. ಕೊನೆಗೆ ಅವನು ಸಣ್ಣ ದನಿಯಲ್ಲಿ, "ಹಂಗಾದ್ರೆ ನಾನ್ ಕೇಳಿದ್ ಯಾರ್ದಡಾ?" ಎಂದ.

ಇಬ್ಬರ ತಲೆಗಳು ಒಂದು ದನಿಯನ್ನು ಬೇರೆ ಬೇರೆಯಾಗಿ ಹುಟ್ಟಿಸಿಕೊಂಡು, ಎರಡೂ ಒಂದೇ ಆಗುವುದು ಸಾಧ್ಯವೇ? ನಾನೇ "ದಪ್ಪನಾ?" ಎಂದು ಕೇಳಿ ಅವನ ಬಾಯಿಗೆ ಉತ್ತರ ಇಟ್ಟೆ, ನಿಜ. ವಿದ್ಯಾರ್ಥಿಗಳಿಗೆ ಹಾಗೆ ಪ್ರಶ್ನೆ ಕೇಳಬಾರದೆಂದು ಪಾಠ ಹೇಳುವವನು ನಾನು. ಆದರೆ 'ಮೇಲಕ್ಕೆ ಹೋಗೋದು' ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅಥವಾ, ಹಿಂದೆ ಯಾವಾಗಲೋ ಹೇಳಿದ್ದೆನೇ?

ತಿಂಗಳ ಕೊನೆಯ ಸಭೆಯಲ್ಲಿ, ನನ್ನ ಆಶ್ಚರ್ಯಕ್ಕೆ, ಹೆಚ್ಚಿನವರು ಅಮೈದಿ ನೇರ ಮುಂದುವರಿಯಲಿ ಎಂದರು. ನಾನು ಎದ್ದು ನಿಂತು ಅದನ್ನು ಬದಲಾಯಿಸೋಣ ಎಂದೆ. ಬೀದಿಯ ಎಡಗಡೆಯ ಶೆಡ್ಡುಗಳು ಎರಡರಿಂದ ಮೂರು, ಬಲಗಡೆಯವು ಮೂರರಿಂದ ನಾಲ್ಕು ನಿಲ್ಲಲಿ. ಪ್ರತಿಯೊಬ್ಬರ ಕಿವಿಗೂ ಸ್ವಲ್ಪವಾದರೂ ಬಿಡುವು. ಬೀದಿಯ ಸದ್ದು ಮಾತ್ರ ಪೂರ್ತಿ ನಿಲ್ಲುವುದಿಲ್ಲ. ಕಾರಣವಾಗಿ ಏನೋ ಟ್ರಾನ್ಸ್‌ಫಾರ್ಮರ್ ಬಗ್ಗೆ ಹೇಳಿದೆ. ಸುಳ್ಳು.

"ನಿನ್ ಯೋಜನೆ ಗೆದ್ದಾಗ್ಲೂ ನಿಂಗೆ ನಿದ್ದೆ ಬರಲ್ವಾಡಾ?" ಎಂದು ಯಾರೋ ಹಿಂದಿನಿಂದ ಕೂಗಿದರು. ಚಿಕ್ಕಪ್ಪ ನಗಲಿಲ್ಲ. ನನ್ನ ಮುಖ ನೋಡದೆ, "ಹಂಗೇ ಆಗ್ಲಿ" ಎಂದ.

ಹೊಸ ಸರದಿಯನ್ನು ತಮಿಳಿನಲ್ಲಿ ಬರೆದ ಚೀಟಿಯನ್ನು ಮನೆ ಮನೆಗೆ ಕೊಡುತ್ತಾ ಬೀದಿಯ ಕೊನೆಯ ಮನೆಗೆ ಹೋದೆ. ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿದ್ದವು. ಗಂಡ ಮುಂದಿನ ಮಗ್ಗದಲ್ಲಿ ಕಡಿದ ಎಳೆ ಗಂಟು ಹಾಕುತ್ತಿದ್ದ. ಚೀಟಿ ತೆಗೆದುಕೊಂಡು ಓದಿ, ಹೆಂಡತಿಯತ್ತ ಕೈ ತೋರಿಸಿದ. ಅವಳು ಹಿಂದಿನ ಮಗ್ಗದ ಹತ್ತಿರ ಇದ್ದಳು. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು, ಕೂದಲ ಮೇಲೆಲ್ಲ ಹತ್ತಿಯ ಧೂಳು. ಅಷ್ಟು ದಿನದಲ್ಲಿ ನಾನು ಅವಳನ್ನು ಎದುರಿಗೆ ನೋಡಿದ್ದು ಅದೇ ಮೊದಲು. ಬೀದಿಗಾಗಿ ಒಂದು ಯೋಜನೆಯನ್ನು ತಂದೆ, ಅವಳಿಗಾಗಿ ಅದನ್ನು ಮುರಿದೆ ಎಂಬ ತೃಪ್ತಿ ನನ್ನ ಮುಖದ ಮೇಲಿತ್ತೋ ಏನೋ.

ಇನ್ನು ತೊಂದರೆ ಇಲ್ಲ, ಅಮ್ಮಣಿ, ಬೀದಿ ಪೂರ್ತಿ ನಿಲ್ಲುವುದಿಲ್ಲ ಎಂದು ತುಟಿಯಲ್ಲಿ ಹೇಳಿದೆ.

ಅವಳು ಚೀಟಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾಕಣ್ಣ ಹಿಂಗ್ ಮಾಡಿದ್ರಿ?" ಎಂದಳು. "ಆ ಒಂದು ಗಂಟೆ ನಾನು ಹಿತ್ಲಲ್ಲಿ ಕೂತ್ಕೋತಿದ್ದೆ. ಗಾಳಿ ಕೇಳ್ತಿತ್ತು. ಮೈನಾ ಕೇಳ್ತಿತ್ತು. ನಮ್ಮೂರಲ್ಲಿ ಕಾಲುವೆ ನೀರು ಕೇಳ್ತದಲ್ಲ, ಹಂಗಿತ್ತು. ಬೀದಿಯವ್ರು ಬಂದು ಕೆಡಿಸ್ತಾರೆ ಅಂತ ಬಾಗ್ಲು ಹಾಕೋತಿದ್ದೆ. ನಂಗೆ ಇಲ್ಲಿ ಸಿಕ್ತಿದ್ದು ಅದೊಂದೇ ಗಂಟೆ. ಬೇಕಾ ಬೇಡ್ವಾ ಅಂತ ನನ್ನ ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ದೊಡ್ಡಮ್ಮ ಈ ಹುಡುಗಿಯಲ್ಲಿ ತನ್ನ ತಂಗಿಯನ್ನು ನೋಡಿದ್ದಳು. ನಾನು ನನ್ನ ನೋಟ್‌ಬುಕ್ ನೋಡಿದ್ದೆ. ಅಮ್ಮನ ವಿಷಯದಲ್ಲೂ ಹೀಗೇ ಇರಬಹುದು ಎನ್ನಿಸಿತು. ಕೊಡ ಹೊತ್ತು ಹೋದವಳು ನಾಚಿಕೆಯಿಂದ ಹೋದಳೆಂದು ಯಾರು ಹೇಳಬಲ್ಲರು? ಸದ್ದಿಲ್ಲದ ಹೊತ್ತಿನಲ್ಲಿ ಏನನ್ನಾದರೂ ಕೇಳಿಸಿಕೊಳ್ಳಲು ಹೋಗುತ್ತಿದ್ದಿರಬಹುದು.

ಇದನ್ನೆಲ್ಲ ಯೋಚಿಸುತ್ತಿದ್ದಾಗಲೇ ಇನ್ನೊಂದು ತಿಳಿಯಿತು. ಆ ಹುಡುಗಿ ಹೇಳಿದ್ದನ್ನು ನಾನು ನೋಡಿರಲಿಲ್ಲ. ಕೇಳಿದ್ದೆ. ಅಷ್ಟು ಸದ್ದಿನ ನಡುವೆ, ದನಿಯಿಲ್ಲದವಳ ಒಂದೊಂದು ಮಾತನ್ನೂ. ಹೆಂಗಸರಿಗೆ ತುಸು ದಪ್ಪ ಅನ್ನಿಸುವ ದನಿ, ಪ್ರಶ್ನೆಯ ಕೊನೆಯಲ್ಲಿ ಮೇಲಕ್ಕೆ ಹೋಗಿತ್ತು.

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಎಂಟು ಮಗ್ಗಗಳು ಓಡುತ್ತಿದ್ದವು. ಅವಳು ನನ್ನ ತುಟಿಯನ್ನೇ ನೋಡುತ್ತಾ, ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು.